ಕೇಳದೆ ಹಾಕಿದ ಹೊಲಿಗೆ

"ಯಾರದು ಈ ಬಟ್ಟೆ? ತೆಗೀರಿ! ಮೊದ್ಲು ತೆಗೀರಿ!"

ಪರದೇಶದ ಆ ಅಗ್ಗದ ಹಾಸ್ಟೆಲಿನಲ್ಲಿ, ಬಟ್ಟೆ ಒಣಗಿಸುವ ಕೋಣೆಯಲ್ಲಿ ನಿಂತು ಗಡ್ಡದವನೊಬ್ಬ ಇಂಗ್ಲಿಷಿನಲ್ಲಿ ಕೂಗುತ್ತಿದ್ದ.

ಓಡಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಹಗ್ಗದ ಮೇಲೆ ಅವಳು ಈಗಷ್ಟೇ ಹರವಿದ್ದ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗಿನ ಬೆಂಚಿನ ಮೇಲೆ ಅವನು ಹಾಳೆ ಹಾಸಿ ಏನೋ ಕರಿ ಪುಡಿ ಹರಡಿಕೊಂಡಿದ್ದ. ಅದರ ಮೇಲೆ ಒಂದು ಹನಿಯೂ ಬೀಳದಂತೆ ಎರಡೂ ಅಂಗೈ ಒಡ್ಡಿ ನಿಂತಿದ್ದ.

ಅವಳು ಸಾರಿ ಎಂದಳು. ಅಂಗಿಯನ್ನು ಎಳೆದುಕೊಂಡಳು. ಆದರೂ ಅವನ ಮುಖದ ಗಂಟು ಬಿಚ್ಚಲಿಲ್ಲ. ಇವಳಿಗೂ ರೇಗಿತು.

"ಅಬ್ಬಬ್ಬಾ, ಏನ್ ಗತ್ತು!" ಪಕ್ಕದಲ್ಲಿದ್ದ ಗೆಳತಿಗೆ ತಮ್ಮ ಭಾಷೆಯಲ್ಲೇ ಗೊಣಗಿದಳು. "ಒಂದು ಹಿಡಿ ಧೂಳಿಗೆ ಇಷ್ಟು ರಾದ್ಧಾಂತ. ಹೆಂಡ್ತಿ ಬಿಟ್ಟು ಹೋಗಿರ್ಬೇಕು, ಅದಕ್ಕೇ ಹೀಗಾಡ್ತಾನೆ."

"ಹೆಂಡ್ತಿ ಇನ್ನೂ ಬಂದೇ ಇಲ್ಲ ಕಣ್ರೀ, ಬಿಟ್ಟು ಹೋಗೋದು ಆಮೇಲಿನ ಮಾತು."

ಅಚ್ಚ ಕನ್ನಡ!

ಅವಳ ಎದೆ ಧಸಕ್ಕೆಂದಿತು. ಗೆಳತಿ ಬಾಯಿಗೆ ಟವೆಲು ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ನಗು ತಡೆಯಲಾಗದೆ ಅವಳ ಬೆನ್ನು ಕುಲುಕುತ್ತಿತ್ತು.

"ಮತ್ತೆ ಇದು ಧೂಳಲ್ಲ, ಬೀಜ," ಎಂದು ಅವನು ಹಾಳೆಯನ್ನು ಮೆಲ್ಲಗೆ ಕಿಟಕಿಯ ಕಡೆ ಸರಿಸಿದ. "ಒದ್ದೆಯಾದ್ರೆ ಸತ್ತಂಗೆ."

*ಭೂಮಿಯೇ, ಬಾಯಿ ಬಿಟ್ಟು ನುಂಗಿಬಿಡು ನನ್ನ...* ಎಂದುಕೊಳ್ಳುತ್ತಾ ಅವಳು ಒದ್ದೆ ಅಂಗಿಯನ್ನು ಎದೆಗವಚಿಕೊಂಡೇ ಓಡಿಹೋದಳು.

ಅವಳ ಹೆಸರು ಏನಾದರೂ ಇರಲಿ, ಊರಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಸೂಜಿ ಅಂತಲೇ. ಟೇಲರಿಂಗ್ ಅಂಗಡಿ ಅವಳದು. ಒಂದೇ ಗೋಡೆಯ ಆಚೆಗೆ ಗೆಳತಿಯ ಪಾರ್ಲರು. ಕೂದಲು ಕತ್ತರಿಸುವವಳು ಕತ್ತರಿಯಾದಳು. ಬಾಯಿಯೂ ಹಾಗೇ ಇತ್ತೆನ್ನಿ! ಇಬ್ಬರೂ ವರ್ಷಗಟ್ಟಲೆ ಕೂಡಿಟ್ಟು, ಬೆನ್ನಿಗೊಂದು ಬ್ಯಾಗು ಏರಿಸಿ ಹೊರಟಿದ್ದರು. ಬಸ್ಸಿನಲ್ಲೇ ನಿದ್ದೆ, ಬೇಯಿಸಿದ ಆಲೂಗಡ್ಡೆಯೇ ಊಟ. ಇದರ ನಡುವೆ ಸೂಜಿ ತನ್ನ ಕೈಯಾರೆ ಹೊಲಿದ ತೆಳು ಹತ್ತಿಯ ಗೌನೊಂದನ್ನು ಬ್ಯಾಗಿನ ತಳದಲ್ಲಿ ಹೊತ್ತು ತಂದಿದ್ದಳು, ಬೆಟ್ಟದಾಚೆಯ ಕೆರೆಯ ದಡದಲ್ಲಿ ತೊಟ್ಟು ಫೋಟೋ ತೆಗೆಸಿಕೊಳ್ಳಲು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!" ಎಂದು ಕತ್ತರಿ ದಾರಿಯುದ್ದಕ್ಕೂ ಆಡಿಕೊಂಡಿದ್ದಳು.

ಆದರೆ ಸೂಜಿಗೆ ಆ ಕೆರೆ ಬರೀ ಫೋಟೋ ಅಲ್ಲ. ಹೊರಡುವ ದಿನ ಅಣ್ಣ ಎಲ್ಲರೆದುರು ನಕ್ಕಿದ್ದ: "ಬೀದಿ ಕೊನೆಗೆ ಹೋಗೋಕೂ ಆಟೋ ಬೇಕು ಇವಳಿಗೆ. ಬೆಟ್ಟ ಹತ್ತಿ ಇಳೀತಾಳಂತೆ! ಅರ್ಧ ದಾರಿಗೇ ವಾಪಸ್ ಬರ್ತಾಳೆ, ಬರೆದಿಟ್ಕೊಳ್ಳಿ."

"ಆ ಕೆರೆ ನೀರು ಮುಟ್ದೆ ಬಂದ್ರೆ ಕೇಳು," ಎಂದಿದ್ದಳು ಅವಳು. ಹಿಡಿದರೆ ಉಡದ ಪಟ್ಟು ಅವಳದು.

ಮರುದಿನ ಬೆಳಿಗ್ಗೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಅವನೇ ಹತ್ತಿರ ಬಂದ.

"ನಿನ್ನೆ ಜೋರಾಗಿ ಕೂಗ್ಬಿಟ್ಟೆ. ತಪ್ಪಾಯ್ತು."

"ನಾನೂ ನಿಮ್ಮ ಇಲ್ಲದ ಹೆಂಡ್ತೀನ ಓಡಿಸ್ಬಿಟ್ಟೆ. ನಂದೂ ತಪ್ಪಾಯ್ತು."

ಅವನು ನಕ್ಕ. ಗಡ್ಡದ ಹಿಂದೆ ಇಷ್ಟು ಚೆಂದದ ನಗು ಇದೆಯೆಂದು ಯಾರಿಗೆ ಗೊತ್ತಿತ್ತು! ಸೂಜಿ ಸುಮ್ಮನೆ ಆಲೂಗಡ್ಡೆ ಸುಲಿಯತೊಡಗಿದಳು. ಆಗಲೇ ಸುಲಿದಾಗಿದ್ದ ಆಲೂಗಡ್ಡೆ ಅದು.

ಕಾಡುಗಿಡಗಳ ಬೀಜ ಕೂಡಿಸಿ, ಒಣಗಿಸಿ, ಮುಂದಿನವರಿಗಾಗಿ ಕಾಪಿಡುವ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ. ದೇಶ ದೇಶ ಅಲೆದು ಬೀಜ ತರುವುದು, ಆಮೇಲೆ ಊರಿಗೆ ಮರಳಿ ಅವನ್ನು ಸೋಸಿ ವಿಂಗಡಿಸುವುದು. ಈ ಸಲ ಬಂದದ್ದು ಒಂದೇ ಒಂದು ನೀಲಿ ಹೂವಿಗಾಗಿ.

"ಮೇಲಿನ ಆ ಇಳಿಜಾರು ಬಿಟ್ರೆ ಇನ್ನೆಲ್ಲೂ ಬೆಳೆಯಲ್ಲ ಅದು," ಎಂದ. "ಇಲ್ಲಿ ಹಿಂದಿನ ವರ್ಷದ್ದು ಒಂದು ಹಿಡಿ ಸಿಕ್ತು, ಆದ್ರೆ ಪರೀಕ್ಷೆಗೂ ಸಾಲಲ್ಲ. ಈ ಋತು ಮುಗಿದ ಮೇಲೆ ರಸ್ತೆ ಮಾಡೋಕೆ ಆ ಗುಡ್ಡಾನೇ ಸಿಡಿಸ್ತಾರೆ. ಈಗ ತಂದ್ರೆ ಉಂಟು, ಇಲ್ಲಾಂದ್ರೆ ಆ ಹೂವೇ ಇಲ್ಲ."

"ಹಾಗಾದ್ರೆ ನಮ್ಮ ದಾರೀಲೇ ಬರ್ತೀರಾ?" ಕತ್ತರಿ ಕೇಳಿದಳು. "ಬನ್ನಿ, ಬನ್ನಿ. ನಮಗೂ ದಾರಿ ಗೊತ್ತಿರೋರು ಬೇಕು."

ಹೇಳಿ ಸೂಜಿಯ ಕಾಲು ತುಳಿದಳು. ಚೇಷ್ಟೆಗೆ ಎಣೆಯಿಲ್ಲ ಅವಳದ್ದು!

ಮೂವರೂ ಹೊರಟರು. ಮೊದಲ ಏರಿಗೇ ಸೂಜಿಯ ಮಂಡಿ ಮುಷ್ಕರ ಹೂಡಿತು. ಕೂತು ಹೊಲಿಯುವ ಕಾಲುಗಳು, ಪಾಪ, ಅವಕ್ಕೇನು ಗೊತ್ತು ಬೆಟ್ಟ! ಆದರೂ ಹಲ್ಲು ಕಚ್ಚಿ ನಡೆದಳು. ತೊರೆಯೊಂದು ಅಡ್ಡ ಬಂದಾಗ ಅವನು ಕಲ್ಲಿನ ಮೇಲೆ ನಿಂತು ತಿರುಗಿದ.

"ಕೈ ಕೊಡ್ಲಾ?"

"ಬೇಡ. ನಾನೇ ದಾಟ್ತೀನಿ."

"ಸರಿ," ಎಂದು ಅಲ್ಲೇ ನಿಂತ. ಕೈ ಚಾಚಲಿಲ್ಲ, ಮುಂದೆಯೂ ಹೋಗಲಿಲ್ಲ. ಅವಳು ತಡವರಿಸುತ್ತಾ, ಒಮ್ಮೆ ಮೊಣಕಾಲವರೆಗೆ ನೀರಿಗಿಳಿದು, ಅಂತೂ ದಾಟುವವರೆಗೂ ಕಾದ.

*ನಮ್ಮನೇಲಿ ಯಾರಾದ್ರೂ ಹೀಗೆ ಕೇಳಿದಾರಾ? ಬೇಡ ಅಂದ್ರೆ ಬೇಡ ಅಂತ ಬಿಟ್ಟಿದಾರಾ?* ಅಲ್ಲಿಂದ ಮುಂದೆ ಬೆಟ್ಟ ಎಷ್ಟು ಕಡಿದಾಗಿತ್ತೋ ಅವಳಿಗೆ ನೆನಪಿಲ್ಲ. ಅವನ ಬೆನ್ನು ಮಾತ್ರ ಕಣ್ಣ ಮುಂದಿತ್ತು.

ಇಳಿಜಾರು ತಲುಪಿದಾಗ ನೀಲಿ ಹೂಗಳು ಉದುರಿ ಕಾಯಿ ಕಟ್ಟಿದ್ದವು. ಬಲಿತ ಕಾಯಿಗೆ ಬಿಸಿಲು ತಾಕಿದರೆ ಸಾಕು, ಚಟ್ಟೆಂದು ಸಿಡಿದು ಬೀಜ ಕಲ್ಲಿನ ಸಂದುಗಳಿಗೆ ಚೆಲ್ಲಿಹೋಗುತ್ತಿತ್ತು. ಅದಕ್ಕೇ ಅವನು ಬಿಸಿಲು ಬರುವ ಮೊದಲೇ ಪುಟ್ಟ ಬಟ್ಟೆಚೀಲಗಳನ್ನು ಕಾಯಿಗೆ ತೊಡಿಸಿ ದಾರ ಬಿಗಿಯುತ್ತಿದ್ದ. ಸಿಡಿದದ್ದೆಲ್ಲ ಚೀಲದೊಳಗೇ ಉಳಿಯುತ್ತಿತ್ತು.

"ಆ ಪಡುವಣ ಕಡೆ ಗುಡ್ಡ ಒಳಸರಿದಿರೋ ಮಡಿಕೇಲಿ ಇರೋವು ಇನ್ನೂ ಹಸಿ," ಎಂದು ತೋರಿಸಿದ. "ಅಲ್ಲಿಗೆ ಬಿಸಿಲು ಬೀಳೋದೇ ಮಧ್ಯಾಹ್ನ ಕಳೆದ ಮೇಲೆ. ಅವು ಇನ್ನೂ ಬಲೀಬೇಕು."

ಅವನೂ ಕತ್ತರಿಯೂ ಚೀಲಗಳನ್ನು ಕೂಡಿಸಲು ಹೋದರು. ಮಂಡಿಗೆ ವಿಶ್ರಾಂತಿ ಕೊಡುತ್ತಾ ಸೂಜಿ ಬ್ಯಾಗುಗಳ ಕಾವಲಿಗೆ ಕೂತಳು. ಆಗಲೇ ಅವಳ ಕಣ್ಣಿಗೆ ಬಿತ್ತು ಅದು. ಅವನ ಬ್ಯಾಗಿನ ಮಳೆಗವಸಿನ ತಳದಲ್ಲಿ ಎರಡು ಬೆರಳು ತೂರುವಷ್ಟು ಸೀಳು!

*ಅಯ್ಯೋ, ಊರಿನ ಬೀಜವನ್ನೆಲ್ಲ ಕಾಪಾಡೋನಿಗೆ ತನ್ನ ಹರಕು ಕಾಣಲ್ವಾ...*

ಹರಿದದ್ದು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸಿನ ತೋಳಿನ ಅಂಚು ಹೊಲಿದು ಬೈಸಿಕೊಂಡವಳು ಅವಳು. ರೇನ್‌ಕೋಟಿನ ತುಂಡೊಂದನ್ನು ಹುಡುಕಿ ತೇಪೆ ಹಾಕಿದಳು. ಒಳಗೊಂದು ಸಾಲು, ಹೊರಗೊಂದು ಸಾಲು, ನೀರು ತೂರದಂತೆ ದಾರಕ್ಕೆ ಮೇಣ. ತನ್ನ ಅಂಗಡಿಯಲ್ಲಿ ಮದುವೆಯ ಬಟ್ಟೆಗೂ ಅಷ್ಟು ಪ್ರೀತಿಯಿಂದ ಹೊಲಿದಿರಲಿಲ್ಲ. ಅವನಿಗೆ ಹೇಳಲಿಲ್ಲ. ಒಂದಿನ ತಾನೇ ನೋಡಿ ಬೆರಗಾಗಲಿ ಎಂದುಕೊಂಡಳು. ಹುಚ್ಚು ಹುಡುಗಿ!

ಇಳಿಯುವಾಗ ಮಳೆ ಹಿಡಿಯಿತು. ಮಳೆ ಅಂದರೆ ಮಳೆ! ಬೆಟ್ಟದಾಚೆ ಕೆಳಗಿನ ತಂಗುಮನೆ ಸೇರುವಷ್ಟರಲ್ಲಿ ಮೂವರೂ ತೊಪ್ಪೆಯಾಗಿದ್ದರು. ಸೂಜಿಗೆ ಮಾತ್ರ ಒಳಗೊಳಗೇ ಖುಷಿ. *ನಾನು ಹೊಲಿಯದೇ ಇದ್ದಿದ್ರೆ ಏನು ಗತಿಯಾಗ್ತಿತ್ತು ಆ ಬೀಜಗಳದ್ದು...*

ಅವನು ಮಳೆಗವಸು ಬಿಚ್ಚಿದ. ಬಕೆಟ್ಟಿನಿಂದ ಸುರಿದಂತೆ ನೀರು ನೆಲಕ್ಕೆ ಚೆಲ್ಲಿತು.

ಬ್ಯಾಗಿನ ತಳದ ಬಟ್ಟೆಚೀಲಗಳೆಲ್ಲ ನೆನೆದು ಮುದ್ದೆಯಾಗಿದ್ದವು. ಒಳಗೆ ಬೀಜಗಳು ಊದಿಕೊಂಡಿದ್ದವು. ಅವನು ಗವಸನ್ನು ತಿರುಗಿಸಿ ತೇಪೆಯ ಮೇಲೆ ಹೆಬ್ಬೆರಳು ಆಡಿಸಿದ. ಅಂಥ ಹೊಲಿಗೆ ಯಾರದೆಂದು ಕೇಳಬೇಕಾಗಿರಲಿಲ್ಲ.

"ನಾನು... ಹರಿದಿತ್ತು ಅಂತ..." ಎಂದಳು ಅವಳು.

"ಹರಿದಿರ್ಲಿಲ್ಲ," ಎಂದ ಅವನು. ಬೈಯುವ ದನಿಯಲ್ಲ, ದಣಿದ ದನಿ. "ಬೆನ್ನ ಮೇಲಿಂದ ಇಳಿಯೋ ನೀರು ಹೊರಗೆ ಹೋಗ್ಲಿ ಅಂತ ನಾನೇ ಬ್ಲೇಡಿನಲ್ಲಿ ಕೊಯ್ದಿದ್ದೆ."

"ಒಣಗಿಸಿದ್ರೆ ಆಗಲ್ವಾ?" ಕತ್ತರಿ ಕೇಳಿದಳು.

"ಒಂದ್ಸಲ ಊದಿದ ಬೀಜ ಕಾಪಿಡೋಕೆ ಬರಲ್ಲ." ಎದ್ದ. "ಹೋಗಿ ಬಟ್ಟೆ ಬದಲಾಯಿಸ್ಕೊಳ್ಳಿ ಇಬ್ರೂ. ಶೀತ ಆಗತ್ತೆ."

ಬೈದಿದ್ದರೆ ಚೆನ್ನಾಗಿತ್ತು! ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು! ಸೂಜಿ ದಿಂಬಿನಲ್ಲಿ ಮುಖ ಹುದುಗಿಸಿ ಬಿಕ್ಕಿದಳು. ಒಂದು ಹೂವಿನ ವಂಶವನ್ನೇ ತನ್ನ ಕೈಯಾರೆ ಮುಳುಗಿಸಿದ್ದಳು. ಉಪಕಾರ ಅಂದುಕೊಂಡು!

ಬೆಳಿಗ್ಗೆ ಎದ್ದು ಕ್ಷಮೆ ಕೇಳಲು ಹೋದರೆ ಅವನ ಹಾಸಿಗೆ ಖಾಲಿ. ಹೊರಗೆ ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ಕತ್ತರಿ ಹಲ್ಲುಜ್ಜುತ್ತಾ ನಿಂತಿದ್ದಳು.

"ಹೋದ್ರು ಕಣೇ. ಆ ಪಡುವಣ ಮಡಿಕೆ ಅಂದ್ರಲ್ಲ, ಅಲ್ಲಿಗೆ. ರಾತ್ರಿ ನೆಂದಿದ್ದಕ್ಕೆ ಕಾಯಿ ಬಲಿತಿರತ್ತಂತೆ, ಇವತ್ತು ಬಿಸಿಲು ಬಿದ್ರೆ ಎಲ್ಲಾ ಸಿಡಿಯತ್ತಂತೆ. ಸಿಕ್ಕಷ್ಟು ಸಿಗ್ಲಿ ಅಂತ ಹೋದ್ರು."

"ನನಗೇನಾದ್ರೂ ಹೇಳಿದ್ರಾ?"

ಕತ್ತರಿ ತಡೆದಳು. ಬಾಯಿ ಮುಕ್ಕಳಿಸಿದಳು. ಎರಡನೇ ಸಲ ಮುಕ್ಕಳಿಸಿದಳು.

"ಹೇಳೇ!"

"'ನಿಮ್ಮ ಗೆಳತೀನ ಮೇಲೆ ಬರೋಕೆ ಬಿಡ್ಬೇಡಿ' ಅಂದ್ರು. ಅಷ್ಟೇ."

ಸೂಜಿಯ ಮುಖಕ್ಕೆ ಯಾರೋ ಹೊಡೆದಂತಾಯಿತು. *ಮುಖ ನೋಡೋಕೂ ಇಷ್ಟ ಇಲ್ಲ ಅವರಿಗೆ...*

"ಹೋಗ್ಲಿ ಬಿಡು," ಕತ್ತರಿ ಅವಳ ಭುಜ ಹಿಡಿದಳು. "ಬೇಕು ಅಂತ ಮಾಡಿದ್ದಾ ನೀನು? ನೋಡು, ಇಲ್ಲಿಂದ ಕೆರೆಗೆ ಇನ್ನು ಅರ್ಧ ದಿನದ ದಾರಿ ಅಷ್ಟೇ. ಇವತ್ತು ಮುಟ್ಟಿದ್ರೆ ನಾಳೆ ಮುಂಜಾನೆ ಬಸ್ಸು, ಆಮೇಲೆ ವಿಮಾನ. ಅವರು ಕರೆದಿಲ್ಲ, ನೀನು ಹೋಗ್ಬೇಡ."

ಒಂದು ದಾರಿ ಕೆರೆಗೆ ಇಳಿಯುತ್ತಿತ್ತು. ಇನ್ನೊಂದು ಬೆಟ್ಟಕ್ಕೆ ಏರುತ್ತಿತ್ತು. ಸೂಜಿ ಎರಡನ್ನೂ ನೋಡಿದಳು. ಅಣ್ಣನ ನಗು ಕಿವಿಯಲ್ಲಿ ಮೊಳಗಿತು. ಅದರ ಹಿಂದೆಯೇ ಊದಿಕೊಂಡ ಆ ಬೀಜಗಳು ಕಣ್ಣಿಗೆ ಬಂದವು. ಬಾವಿ ತೋಡಿದವಳು ತಾನು, ಬಿದ್ದವನು ಅವನು. ಹಗ್ಗ ಇಳಿಬಿಡದೆ ಹೇಗೆ ಹೋಗುವುದು?

"ಅವರ ಹತ್ರ ಚೀಲ ಎಷ್ಟಿದೆ?"

"ಒಣಗಿದ್ದು ನಾಲ್ಕೋ ಐದೋ ಇತ್ತು. ಉಳಿದಿದ್ದೆಲ್ಲ ಒದ್ದೆ, ಅದರಲ್ಲಿ ಹಾಕಿದ್ರೆ ಬೂಷ್ಟು ಹಿಡಿಯತ್ತೆ ಅಂತಿದ್ರು."

ಸೂಜಿ ಒಳಗೆ ಹೋಗಿ ಬ್ಯಾಗಿನ ತಳಕ್ಕೆ ಕೈ ಹಾಕಿದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಗೌನು ಬೆಚ್ಚಗೆ, ಒಣಗಿ, ಗರಿಗರಿಯಾಗಿತ್ತು. ಅದನ್ನು ತಂದು ಗೆಳತಿಯ ಮಡಿಲಿಗೆ ಹಾಕಿದಳು.

"ಕತ್ತರಿಸು."

"ಏ, ಹುಚ್ಚು ಹಿಡಿದಿದೆಯಾ? ತಿಂಗಳುಗಟ್ಟಲೆ ಕೂತು ಹೊಲಿದಿದ್ದೀಯ!"

"ಅಂಗೈ ಅಗಲದ ಚೌಕ. ಬೇಗ. ನನಗೆ ಅಳೋಕೂ ಪುರಸೊತ್ತಿಲ್ಲ."

"ಬರಬೇಡಿ ಅಂದಿದಾರೆ ಕಣೇ ಅವರು!"

"ನನ್ನ ಮುಖ ನೋಡೋದು ಬೇಡ ಅವರು. ಚೀಲ ಕೊಟ್ಟು ಬಂದ್ಬಿಡ್ತೀನಿ. ಹಾಳು ಮಾಡಿದ ಕೆಲಸ ಸರಿ ಮಾಡ್ದೆ ಈ ಬೆಟ್ಟ ಇಳಿಯಲ್ಲ ನಾನು!"

ಕತ್ತರಿ ಅವಳನ್ನೇ ದಿಟ್ಟಿಸಿದಳು. ಆಮೇಲೆ ಕೂದಲು ಕತ್ತರಿಸುವ ತನ್ನ ಕತ್ತರಿ ತೆಗೆದು, "ನಿನ್ನ ಕಟ್ಕೊಂಡು ನನ್ನ ಹಣೆಬರಹ!" ಎಂದು ಗೌನಿಗೆ ಇಟ್ಟಳು.

ಒಬ್ಬಳು ಕತ್ತರಿಸಿದಳು, ಒಬ್ಬಳು ಹೊಲಿದಳು. ಬಾಯಿಗೆ ದಾರ ಸೇರಿಸಿ ಬಿಗಿದರೆ ಚೀಲ. ಅರ್ಧ ತಂಗುಮನೆಯಲ್ಲಾಯಿತು, ಉಳಿದರ್ಧವನ್ನು ಏರುದಾರಿಯ ಬಂಡೆಗಳ ಮೇಲೆ ಉಸಿರು ತೆಗೆದುಕೊಳ್ಳುವಾಗ ಹೊಲಿದರು. ಕಲ್ಲು ಜಾರುತ್ತಿತ್ತು. ಮಂಡಿ ಸುಡುತ್ತಿತ್ತು. ಸೂಜಿ ಎರಡು ಸಲ ಬಿದ್ದಳು, ಎರಡು ಸಲವೂ ಎದ್ದು ಮೊದಲು ನೋಡಿದ್ದು ಚೀಲಗಳಿಗೆ ಕೆಸರು ತಾಕಿತಾ ಎಂದು.

ಇಳಿಜಾರಿನ ಅಂಚಿಗೆ ಬಂದಾಗ ಬಿಸಿಲು ಎದುರಿನ ಬಂಡೆಗಳನ್ನು ದಾಟಿ ಮೆಲ್ಲಗೆ ಈಚೆಗೆ ಸರಿಯುತ್ತಿತ್ತು. ನೆರಳಿನ ಮಡಿಕೆಯಲ್ಲಿ ಅವನು ಒಂದೊಂದೇ ಕಾಯಿಗೆ ಕೈಯೊಡ್ಡಿ ಕೂತಿದ್ದ.

ಇವಳನ್ನು ನೋಡಿದವನೇ ಎದ್ದು ನಿಂತ. ಮುಖ ಬಿಳಿಚಿತು.

"ಬರಬೇಡಿ ಅಂದಿದ್ದೆನಲ್ಲ! ಯಾಕ್ ಬಂದ್ರಿ?"

"ಬೈಯೋದಾದ್ರೆ ಆಮೇಲೆ ಬೈಯಿರಿ!" ಅವಳೂ ಕೂಗಿದಳು. ಕಣ್ಣಲ್ಲಿ ನೀರು, ಕೈಯಲ್ಲಿ ಚೀಲ. "ಮುಖ ನೋಡೋಕೆ ಅಸಹ್ಯ ಆದ್ರೆ ಆ ಕಡೆ ತಿರುಗಿ ಕಟ್ಟಿ! ಆದ್ರೆ ಕಟ್ಟಿ! ಬಿಸಿಲು ಬರ್ತಿದೆ!"

"ಅಸಹ್ಯಾನಾ?" ಅವನು ಅವಾಕ್ಕಾದ. "ಮಳೆಗೆ ಕಲ್ಲೆಲ್ಲ ಸಡಿಲ ಆಗಿದೆ. ನಿಮ್ಮ ಮಂಡಿ ಬೇರೆ ಸರಿ ಇಲ್ಲ. ಬಿದ್ದುಗಿದ್ದೀರಿ ಅಂತ ಬರಬೇಡಿ ಅಂದಿದ್ದು!"

ಸೂಜಿ ತಿರುಗಿ ಕತ್ತರಿಯನ್ನು ನೋಡಿದಳು.

"ನನಗೆ ಅಷ್ಟೆಲ್ಲ ಹೇಳ್ಲಿಲ್ಲಪ್ಪ ಅವರು," ಕತ್ತರಿ ಕೈ ಎತ್ತಿದಳು. "ಮಾತು ಅಂದ್ರೆ ಪೂರ್ತಿ ಆಡ್ಬೇಕು ಸ್ವಾಮಿ, ಅರ್ಧ ನುಂಗಿದ್ರೆ ಹೀಗೇ ಆಗೋದು. ಈಗ ಇಬ್ರೂ ಬಾಯ್ಮುಚ್ಕೊಂಡು ಕೆಲಸ ಮಾಡಿ!"

ಮಾಡಿದರು. ಮೂರು ಜನ, ಆರು ಕೈ. ಕಾಯಿಗೆ ಚೀಲ ತೊಡಿಸು, ದಾರ ಎಳೆ, ಗಂಟು ಹಾಕು, ಮುಂದಕ್ಕೆ ಸರಿ. ಬಿಸಿಲಿನ ಗೆರೆ ಹತ್ತಿರ ಬಂದಂತೆಲ್ಲ ಸೂಜಿಯ ಬೆರಳುಗಳು ಚುರುಕಾದವು. ಜೀವಮಾನವಿಡೀ ಗಂಟು ಹಾಕಿದ ಬೆರಳುಗಳು ಅವು. ಕೊನೆಯ ಗಿಡಗಳು ಬಂಡೆಯೊಂದರ ಆಚೆಗಿದ್ದವು. ಅವಳು ಕಾಲಿಟ್ಟ ಕಲ್ಲು ಅಲುಗಿತು.

ಅವನು ಆಚೆಯಿಂದ ಕೈ ಮುಂದೆ ತಂದವನು ಅರ್ಧಕ್ಕೇ ತಡೆದ. "ಕೈ...?"

"ಕೊಡಿ!" ಎಂದಳು ಅವಳು.

ಕೊನೆಯ ಚೀಲ ಬಿಗಿದು ಬೆರಳು ತೆಗೆಯುವುದಕ್ಕೂ ಬಿಸಿಲು ಮಡಿಕೆಯೊಳಗೆ ಇಳಿಯುವುದಕ್ಕೂ ಸರಿಹೋಯಿತು. ಮೂವರೂ ಉಸಿರು ಬಿಗಿಹಿಡಿದು ಕೂತರು. ಮೊದಲು ಒಂದು 'ಚಟ್'. ಆಮೇಲೆ ಇನ್ನೊಂದು. ನೋಡುನೋಡುತ್ತಲೇ ಇಳಿಜಾರಿನ ತುಂಬ ಚಟಪಟ ಚಟಪಟ... ಗೌನಿನ ತುಂಡುಗಳು ಗಿಡಗಳ ಮೇಲೆ ಕುಣಿಯುತ್ತಿದ್ದವು, ಒಂದು ಬೀಜವೂ ಹೊರಗೆ ಬೀಳಲಿಲ್ಲ.

ಕತ್ತರಿ ಚಪ್ಪಾಳೆ ತಟ್ಟಿ ಕಿರುಚಿದಳು. ಸೂಜಿ ಅತ್ತಳು. ಅವನು ಗಡ್ಡ ಒರೆಸಿಕೊಂಡ. ಅಲ್ಲೂ ಒದ್ದೆ ಇತ್ತು.

"ಸಾಕಾಗತ್ತಾ?" ಅವಳು ಅಂಜುತ್ತಾ ಕೇಳಿದಳು.

"ನಿನ್ನೆಯಷ್ಟಿಲ್ಲ. ಆದ್ರೆ ಸಾಕು. ಹೂವು ಉಳೀತು."

ಕತ್ತರಿ ಇಬ್ಬರನ್ನೂ ಒಮ್ಮೆ ನೋಡಿ, "ನಾನು ಆ ತುದಿಯಿಂದ ಬಿಚ್ಕೊಂಡು ಬರ್ತೀನಿ. ತುಂಬಾ ದೂರ ಇದೆ ಅದು. ನಿಧಾನ ಆಗತ್ತೆ," ಎಂದು ಹಾಡು ಗುನುಗುತ್ತಾ ಹೋದಳು.

ಅವನು ಮತ್ತೆ ಕೈ ಚಾಚಿದ, ಈ ಸಲ ಅವಳು ತಾನೇ ಹಿಡಿದಳು.

"ಇವತ್ತು ಕೆರೆಗೆ ಹೋಗ್ಬೇಕಿತ್ತು ನೀವು," ಎಂದ.

"ಇನ್ನು ಪುರಸೊತ್ತಿಲ್ಲ. ಇಳಿಯೋಷ್ಟರಲ್ಲಿ ಕತ್ತಲಾಗತ್ತೆ, ನಾಳೆ ಮುಂಜಾನೆಯೇ ಬಸ್ಸು. ಅಣ್ಣ ಗೆದ್ದ." ಮೂಗೊರೆಸಿಕೊಂಡಳು. "ನಗಲಿ ಬಿಡಿ. ನಾನು ಎಲ್ಲಿವರೆಗೆ ಹತ್ತಿದೆ ಅಂತ ನನಗೆ ಗೊತ್ತು."

"ನಿನ್ನೆ ನನಗೆ ಸಿಟ್ಟು ಬಂದಿದ್ದು ನಿಜ," ಅವನು ಮೆಲ್ಲಗೆಂದ. "ಸುಳ್ಳು ಹೇಳಲ್ಲ. ಆದ್ರೆ ಆ ತೇಪೆ ಬಿಚ್ಚೋಣ ಅಂತ ಕೂತ್ರೆ... ಒಂದೊಂದು ಹೊಲಿಗೇನೂ ಎಷ್ಟು ಜೋಪಾನವಾಗಿ ಹಾಕಿದೀರಿ! ನನಗೋಸ್ಕರ ಯಾರೂ ಅಷ್ಟು ಜೋಪಾನವಾಗಿ ಏನೂ ಮಾಡಿರ್ಲಿಲ್ಲ. ಸಿಟ್ಟು ಎಲ್ಲೋಯ್ತೋ ಗೊತ್ತಾಗ್ಲಿಲ್ಲ."

ಅವಳ ಎದೆ ಹೊಡೆದುಕೊಳ್ಳುವ ಸದ್ದು ಅವನಿಗೂ ಕೇಳಿಸುತ್ತಿದೆಯೇನೋ ಅನಿಸಿತು.

"ಇನ್ಮೇಲೆ ಕೇಳ್ದೆ ಯಾರಿಗೂ ಏನೂ ಮಾಡಲ್ಲ ಅಂತ ತೀರ್ಮಾನ ಮಾಡಿದೀನಿ," ಎಂದಳು. "ಅದಕ್ಕೇ ಒಂದು ಮಾತು ಕೇಳ್ಲಾ?"

"ಕೇಳಿ."

"ನಿಮ್ಮನ್ನ ಇಷ್ಟಪಡ್ಲಾ?"

ಅವನ ಕಣ್ಣುಗಳು ತುಂಬಿ ನಕ್ಕವು. "ಇನ್ನೂ ಶುರುನೇ ಮಾಡಿಲ್ವಾ?"

"ತೊರೆ ದಾಟಿದಾಗಲೇ ಶುರುವಾಗಿದೆ. ಈಗ ಕೇಳ್ತಿರೋದು ಸುಮ್ನೆ ಮರ್ಯಾದೆಗೆ."

"ನಾನು ಅಲೆಮಾರಿ. ಅರ್ಧ ವರ್ಷ ಬೆಟ್ಟದ ಮೇಲೇ."

"ನಾನು ಅಂಗಡಿ ಬಿಡಲ್ಲ. ಯಾರು ಹೇಳಿದ್ರೂ ಬಿಡಲ್ಲ."

"ಬಿಡಿ ಅಂದೋರು ಯಾರು?" ಅವನು ಅವಳ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಉಳಿದ ಅರ್ಧ ವರ್ಷ ಬೀಜ ಸೋಸೋಕೆ ನನಗೊಂದು ಬೆಂಚು ಸಾಕು. ನಿಮ್ಮ ಅಂಗಡೀಲಿ ಜಾಗ ಇದೆಯಾ?"

ಅವಳು ಸ್ವಲ್ಪ ಹೊತ್ತು ಯೋಚಿಸುವವಳಂತೆ ನಟಿಸಿದಳು.

"ಕಿಟಕಿ ಪಕ್ಕ ಇದೆ," ಎಂದಳು. "ಬಿಸಿಲು ಚೆನ್ನಾಗಿ ಬರತ್ತೆ."